ನುಣುಪಾದ ಬಲಗೆನ್ನೆ

“ಇದು ನಾನ್ ಒರೆಸಿದ್ದಲ್ಲ ಮೇಡಂ. ನಮ್ಮಪ್ಪನಾಣೆ.”

ಶೇಖರಪ್ಪ ಕುರ್ಚಿ ಬಿಟ್ಟು ಎದ್ದೇ ನಿಂತ. ಪಟ್ಟಂದೂರು ಅಗ್ರಹಾರದ ಸಂದಿಯೊಂದರಲ್ಲಿರುವ ಅವನ ಸ್ಟುಡಿಯೋದಲ್ಲಿ ಇಬ್ಬರು ಎದ್ದು ನಿಂತರೆ ಒಬ್ಬರು ರಸ್ತೆಗೆ ಹೋಗಬೇಕು. ಹಾಗಾಗಿ ನಾನು ಕೂತೇ ಇದ್ದೆ. ಕಂಪ್ಯೂಟರ್ ಪರದೆಯ ತುಂಬ ಪ್ರಿಯಾಂಕಾಳ ಮುಖವಿತ್ತು.

ಗೌರಿ ಹಬ್ಬಕ್ಕೆ ತವರಿಗೆ ಬಂದ ಹುಡುಗಿ. ಬಾಗಿನ ತೆಗೆದುಕೊಂಡ ಸಂಜೆಯೇ ತವರುಮನೆಯ ಮಹಡಿಯಿಂದ ಬಿದ್ದು ಸತ್ತಳು. ಒಣಗಿದ ಬಟ್ಟೆ ತರಲು ಹೋಗಿ ಜಾರಿದಳು ಎಂದು ಬರೆದು ಪೊಲೀಸರು ಕೈ ತೊಳೆದುಕೊಂಡಿದ್ದರು. ಜಾರಿದಳೋ, ತಾನೇ ಹಾರಿಕೊಂಡಳೋ, ಯಾರಾದರೂ ನೂಕಿದರೋ, ಅದೊಂದು ಹೇಳಿಬಿಡವ್ವ ಎಂದು ಅವಳ ತಾಯಿ ಈಶ್ವರಮ್ಮ ನನ್ನ ಎರಡೂ ಕೈ ಹಿಡಿದುಕೊಂಡಿದ್ದರು.

ಆ ಈಶ್ವರಮ್ಮನೇ ಇವತ್ತು ಬೆಳಿಗ್ಗೆ ಒಂದು ಗಲಾಟೆ ಮಾಡಿದ್ದರು. ನಾಳೆ ಮಗಳ ತಿಥಿ. ಹಾರ ಹಾಕಲೆಂದು ಸ್ಟುಡಿಯೋದಿಂದ ಕಟ್ಟು ಹಾಕಿಸಿದ ಫೋಟೋ ಮನೆಗೆ ಬಂದಿದೆ. ಅವರು ಅದನ್ನು ನೋಡಿ, ‘ಇದು ನನ್ ಮಗಳಲ್ಲ’ ಎಂದು ಗೋಡೆ ಕಡೆ ತಿರುಗಿಸಿ ಇಟ್ಟುಬಿಟ್ಟಿದ್ದಾರೆ. ದುಃಖಕ್ಕೆ ತಲೆ ಕೆಟ್ಟಿದೆ ಎಂದರು ನೆಂಟರು. ನನಗೆ ಮಾತ್ರ ಹಾಗನ್ನಿಸಲಿಲ್ಲ.

ನಾನು ಹೇಮಲತಾ, ಖಾಸಗಿ ಪತ್ತೇದಾರಿಕೆ ನನ್ನ ಕೆಲಸ. ವೈಟ್‌ಫೀಲ್ಡಿನಲ್ಲಿ ಬೇಕರಿಯೊಂದರ ಮೇಲಿನ ರೂಮು ನನ್ನ ಆಫೀಸು. ಹೊಟ್ಟೆಪಾಡು ನಡೆಯುವುದು ಮದುವೆಯ ಹುಡುಗ ಹುಡುಗಿಯರ ಪೂರ್ವಾಪರ ವಿಚಾರಿಸುವುದರಿಂದ. ಆ ಕೆಲಸದಲ್ಲಿ ಬರುವ ಫೋಟೋಗಳಲ್ಲಿ ಒಬ್ಬರಿಗೂ ಚರ್ಮ ಅನ್ನುವುದೇ ಇರುವುದಿಲ್ಲ, ಎಲ್ಲರಿಗೂ ಪ್ಲಾಸ್ಟಿಕ್ಕೇ. ಆದ್ದರಿಂದ ಹೆತ್ತ ತಾಯಿ ಫೋಟೋ ನೋಡಿ ಇದು ನನ್ನ ಮಗಳಲ್ಲ ಅಂದರೆ, ನಾನು ಮೊದಲು ಅನುಮಾನ ಪಡುವುದು ಫೋಟೋ ಮೇಲೆ, ತಾಯಿಯ ಮೇಲಲ್ಲ.

“ಕೂತ್ಕೊಳ್ಳಿ ಶೇಖರಪ್ಪ. ನೀವು ಏನೇನು ಮಾಡಿದ್ರಿ, ಮೊದಲಿಂದ ಹೇಳಿ.”

ಅವನು ಕೂತು ಎರಡು ಫೋಟೋ ಅಕ್ಕಪಕ್ಕ ಇಟ್ಟ. ಎಡಗಡೆಯದು ಅವನಿಗೆ ಬಂದದ್ದು. ಬಲಗಡೆಯದು ಅವನು ಮಾಡಿ ಕೊಟ್ಟದ್ದು. ಬಲಗಡೆಯ ಪ್ರಿಯಾಂಕಾ ಸೋಪಿನ ಜಾಹೀರಾತಿಗೆ ನಿಂತವಳ ಹಾಗಿದ್ದಳು.

“ದೇವ್ರ್ ಮನೇಲಿ ಬರೀ ದೀಪದ್ ಬೆಳಕಲ್ಲಿ ತೆಗ್ದಿರೋ ಫೋಟೋ ಮೇಡಂ ಇದು. ಕತ್ಲೆ ಜಾಸ್ತಿ ಇದ್ರೆ ಫೋನು ಕಷ್ಟಪಟ್ಟು ಬೆಳಕು ಎಳ್ಕೊಳ್ಳುತ್ತೆ. ಆಗ ಇಡೀ ಫೋಟೋ ಮೇಲೆ ರವೆ ಚೆಲ್ಲಿದಂಗೆ ಗ್ರೇನ್ಸ್ ಬಂದ್ಬಿಡುತ್ತೆ. ಗೋಡೆಗ್ ಹಾಕೋ ಸೈಜಿಗೆ ದೊಡ್ದು ಮಾಡಿದ್ರೆ ಇನ್ನೂ ಅಸಹ್ಯ. ಅದನ್ನ ತೆಗ್ದು ನುಣ್ಣಗೆ ಮಾಡ್ದೆ. ಅಷ್ಟೇ.”

“ಗದ್ದದ ಮೇಲೊಂದು ಮಚ್ಚೆ ಇತ್ತಲ್ಲ?”

“ಮಚ್ಚೆನಾ?” ಅವನು ಎಡಗಡೆಯ ಫೋಟೋದೊಳಗೆ ಮೂಗು ತೂರಿಸಿದ. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ಅಯ್ಯೋ. ಗ್ರೇನ್ಸ್ ಅನ್ಕೊಂಡು ಅದನ್ನೂ ತೆಗ್ದ್ಬಿಟ್ಟಿದೀನಿ. ಸ್ಕೂಲಿಗೆ ಸೇರ್ಸೋವಾಗ ಪಾಸ್‌ಪೋರ್ಟ್ ಫೋಟೋ ತೆಗ್ದಿದ್ದೂ ನಾನೇ ಮೇಡಂ. ಎರಡು ಜುಟ್ಟು ಹಾಕ್ಕೊಂಡ್ ಬಂದಿತ್ತು ಮಗು.”

ಅವನ ಮೇಲೆ ರೇಗಬೇಕೆಂದಿದ್ದೆ. ಆಗಲಿಲ್ಲ.

“ಎಡಗಡೆಯದನ್ನ ದೊಡ್ಡದು ಮಾಡಿ. ನಿಮಗೆ ಬಂದಿದ್ದನ್ನ.”

ಫೋಟೋ ದೊಡ್ಡದಾಯಿತು. ಹಣೆಯ ಮೇಲೆ ರವೆ ರವೆ, ಮುಡಿದ ಮಲ್ಲಿಗೆಯ ಮೇಲೆ ರವೆ, ಹಿಂದಿನ ಗೋಡೆಯ ಮೇಲೆ, ಸೀರೆಯ ಮೇಲೆ, ಎಲ್ಲೆಲ್ಲೂ. ನಾನು ಬೆರಳಿಟ್ಟು ತೋರಿಸುತ್ತಾ ಬಂದೆ. ಸೆರಗು ಹೊದ್ದ ಕಡೆಯ ಎಡಗೆನ್ನೆಯಲ್ಲೂ ರವೆ. ಸೆರಗಿಲ್ಲದ ಕಡೆಯ ಬಲಗೆನ್ನೆಯಲ್ಲಿ ಕಣ್ಣಿನ ಕೆಳಗಿಂದ ಕಿವಿಯವರೆಗೆ ಒಂದೇ ಒಂದು ಕಾಳಿಲ್ಲ. ಉಜ್ಜಿ ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಿದೆ.

ಶೇಖರಪ್ಪ ಎದ್ದು ನಿಂತು ಅಪ್ಪನ ಆಣೆ ಹಾಕಿದ್ದು ಈ ಕೆನ್ನೆಯ ವಿಷಯಕ್ಕೇ.

“ನೀವೇ ಹೇಳಿ ಮೇಡಂ, ನಾನ್ ಗ್ರೇನ್ಸ್ ತೆಗೆದ್ರೆ ಇಡೀ ಮುಖಕ್ಕ್ ತೆಗೀತೀನಿ. ಒಂದು ಕೆನ್ನೆಗೆ ಮಾತ್ರ ಯಾವನ್ ತೆಗೀತಾನೆ? ಇದು ನನ್ ಕೈಗೆ ಬರೋಕ್ ಮುಂಚೆನೇ ಯಾರೋ ಒರೆಸಿದಾರೆ. ಬೆರಳಲ್ಲಿ ಫೋನ್ ಮೇಲೇ ತೀಡಿರ್ಬೇಕು. ಅಂಚು ನೋಡಿ, ಸೊಟ್ಟ ಸೊಟ್ಟ.”

“ಫೋಟೋ ಕಳಿಸಿದ್ದು ಯಾರು?”

“ಅವ್ರಣ್ಣ ಕೃಷ್ಣ. ‘ಕ್ಲೀನಾಗಿ ಮಾಡ್ಕೊಡಿ, ಅಮ್ಮ ದಿನಾ ನೋಡೋದು’ ಅಂದ.”

ಯಾರೂ ಕಾರಣವಿಲ್ಲದೆ ಒಂದು ಕೆನ್ನೆಯನ್ನು ಮಾತ್ರ ಒರೆಸುವುದಿಲ್ಲ. ಆ ಕೆನ್ನೆಯ ಮೇಲೆ ಏನೋ ಇತ್ತು. ಅದು ಏನೆಂದು ಹೇಳಲು ಈ ಫೋಟೋ ಬಿಟ್ಟರೆ ಬೇರೆ ಗತಿಯಿಲ್ಲ. ಬಿದ್ದ ಪೆಟ್ಟಿಗೆ ಪ್ರಿಯಾಂಕಾಳ ಮುಖ ಗುರುತು ಸಿಗದಂತಾಗಿತ್ತು. ಆಸ್ಪತ್ರೆಯಿಂದ ತಂದಾಗ ಬಟ್ಟೆ ಸುತ್ತಿಯೇ ತಂದರು. ತಾಯಿಗೆ ಕೊನೆಯ ಸಲ ಮುಖ ತೋರಿಸಲಿಲ್ಲ.

ಮನೆಯವರೆಲ್ಲ ಬೆರಳು ತೋರಿಸುತ್ತಿದ್ದುದು ಗಂಡ ರಾಜೇಂದ್ರನ ಕಡೆಗೆ. ಆದರೆ ಅವನು ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಆ ದಿನವೆಲ್ಲ ಕೆಲಸದ ಮೇಲಿದ್ದ. ಹೋದ ವಾರ ನಾನೇ ಹೋಗಿ ಗೇಟಿನ ಕ್ಯಾಮೆರಾ ನೋಡಿ ಬಂದಿದ್ದೆ. ಹಬ್ಬಕ್ಕೆ ಅವನು ಅಗ್ರಹಾರದ ಕಡೆ ತಲೆಯೇ ಹಾಕಿರಲಿಲ್ಲ.

“ಒರೆಸಿದ್ದನ್ನ ವಾಪಸ್ ತರಬಹುದಾ?”

“ಇದರಿಂದ ಆಗಲ್ಲ. ಫೋನಲ್ಲಿ ಮೊದಲು ಬಿದ್ದಿದ್ದೇ ಬೇಕು. ಅದು ಸಿಕ್ಕಿದ್ರೂ ಕಷ್ಟ ಮೇಡಂ. ಈ ರವೆ ಒಳಗೆ ಕಲೆ ಯಾವ್ದು, ಗಾಯ ಯಾವ್ದು, ನೆರಳು ಯಾವ್ದು ಹೇಳಕ್ಕಾಗಲ್ಲ. ರವೆ ತೆಗೆಯೋಕ್ ಹೋದ್ರೆ ಕಲೆನೂ ಹೋಗುತ್ತೆ, ಮಚ್ಚೆ ಹೋಯ್ತಲ್ಲ ಹಂಗೆ.” ಅವನು ತಲೆ ಕೆರೆದುಕೊಂಡ. “ಒಂದೇ ಥರದ್ದು ನಾಕಾರು ಫೋಟೋ ಒಟ್ಟಿಗೆ ಬಿದ್ದಿದ್ರೆ ಮಾತ್ರ ದಾರಿ ಇದೆ. ರವೆ ಒಂದ್ರಲ್ಲಿದ್ದ ಜಾಗದಲ್ಲಿ ಇನ್ನೊಂದ್ರಲ್ಲಿ ಇರಲ್ಲ, ಓಡಾಡ್ತಿರುತ್ತೆ. ಮುಖದ್ ಮೇಲೆ ನಿಜವಾಗ್ಲೂ ಇರೋದು ಎಲ್ಲದ್ರಲ್ಲೂ ಅಲ್ಲೇ ಕೂತಿರುತ್ತೆ. ಒಂದರ ಮೇಲೊಂದು ಇಟ್ಟು ಸೇರ್ಸಿದ್ರೆ ರವೆ ಹೋಗಿ ಮುಖ ಉಳಿಯುತ್ತೆ.”

“ಲ್ಯಾಪ್‌ಟಾಪ್ ಇದೆಯಾ?”

“ಇದೆ.”

“ಎತ್ಕೊಳ್ಳಿ. ಹೊರಡೋಣ.”

ಈಶ್ವರಮ್ಮನ ಮನೆ ಎರಡು ಬೀದಿ ಆಚೆ. ಒಂದು ಕಾಲಕ್ಕೆ ದ್ರಾಕ್ಷಿ ಚಪ್ಪರವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಕಟ್ಟಡ ನಿಂತಿದೆ. ಕೆಳಗೆ ಇವರಿದ್ದಾರೆ, ಮೇಲೆ ಐ.ಟಿ. ಪಾರ್ಕಿಗೆ ಹೋಗಿಬರುವ ಹುಡುಗರಿದ್ದಾರೆ. ಹಬ್ಬಕ್ಕೆ ಊರಿಗೆ ಹೋಗಿದ್ದ ಆ ಹುಡುಗರಲ್ಲಿ ಒಬ್ಬರೂ ಆ ದಿನ ಮನೆಯಲ್ಲಿರಲಿಲ್ಲ. ಬೀದಿ ತುದಿಯ ಗಣಪತಿ ಪೆಂಡಾಲಿನವರು ಈ ಮನೆಯ ಸಾವಿಗಾಗಿ ಧ್ವನಿವರ್ಧಕವನ್ನು ಆಚೆ ಕಡೆಗೆ ತಿರುಗಿಸಿ ಕಟ್ಟಿದ್ದರು.

ನಡುಮನೆಯಲ್ಲಿ ಫೋಟೋ ಗೋಡೆಗೆ ಮುಖ ಮಾಡಿಯೇ ಇತ್ತು. ಪಕ್ಕದ ತಟ್ಟೆಯಲ್ಲಿ ಹಾರ ಬಾಡುತ್ತಿತ್ತು. ಈಶ್ವರಮ್ಮ ಕೆಳಗೆ ಚಾಪೆಯ ಮೇಲೆ ಕೂತಿದ್ದರು. ಮಗ ಕೃಷ್ಣ ಶಾಮಿಯಾನದವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಕಂಪನಿಗಳಿಗೆ ವ್ಯಾನ್ ಓಡಿಸುವ ಮನುಷ್ಯ, ಜೋರು ದನಿ. ಶೇಖರಪ್ಪನ ಕೈಲಿದ್ದ ಲ್ಯಾಪ್‌ಟಾಪ್ ನೋಡಿದ್ದೇ ಆ ದನಿ ಇಳಿಯಿತು.

“ಏನ್ ಮೇಡಂ, ಫೋಟೋ ಸರಿ ಮಾಡಿಸ್ತಿದೀರಾ?”

“ಹೌದು. ಅಮ್ಮನಿಗೆ ಮಗಳು ಬೇಕಂತೆ. ಈ ಫೋಟೋ ಯಾರು ತೆಗೆದದ್ದು?”

“ನಾನೇ,” ಎಂದಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶಶಿಕಲಾ. ಕೃಷ್ಣನ ಹೆಂಡತಿ. ಸಣ್ಣ ದನಿಯ, ತಲೆ ಎತ್ತದ ಹೆಂಗಸು. ಇಷ್ಟು ದಿನ ಬಂದು ಹೋದರೂ ಅವಳ ಬಾಯಿಂದ ನಾನು ಕೇಳಿದ್ದು ‘ಕಾಫಿ ತಗೊಳ್ಳಿ’ ಅನ್ನುವುದೊಂದೇ. “ಅತ್ತೆ ಫೋನಲ್ಲಿ.”

“ನಾನು ಅದನ್ನ ನನ್ ಫೋನಿಗೆ ಹಾಕ್ಕೊಂಡು ಸ್ಟುಡಿಯೋಗೆ ಕಳಿಸ್ದೆ,” ಎಂದು ಕೃಷ್ಣ ತಟ್ಟನೆ ಸೇರಿಸಿದ. “ಅಮ್ಮನ್ ಫೋನಲ್ಲಿ ಈಗ ಏನೂ ಇರಲ್ಲ ಬಿಡಿ.”

“ಅಳಿಸಿದ್ರಾ?”

“ನಾನ್ ಯಾಕ್ ಅಳಿಸ್ಲಿ?”

ಈಶ್ವರಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಚೀಲದಿಂದ ಫೋನು ತೆಗೆದು ನನ್ನ ಮುಂದೆ ಹಿಡಿದರು. “ನೋಡವ್ವ. ಅವತ್ತಿಂದ ನಾನು ಪೋಟೋ ತಗ್ದೇ ನೋಡಿಲ್ಲ. ಧೈರ್ಯ ಬರಕಿಲ್ಲ.”

ಕೃಷ್ಣ ಕೈ ಚಾಚಿದ. ಅವನಿಗಿಂತ ಮೊದಲು ನಾನು ತೆಗೆದುಕೊಂಡೆ.

ಫೋನು ತುಂಬ ಶುಭೋದಯದ ದೇವರುಗಳೇ. ಅವರನ್ನೆಲ್ಲ ದಾಟಿ ಹಬ್ಬದ ದಿನಕ್ಕೆ ಬಂದೆ. ಬಾಗಿನದ ಮೊರ ಮಡಿಲಲ್ಲಿಟ್ಟುಕೊಂಡು ಪ್ರಿಯಾಂಕಾ ಕೂತಿದ್ದಳು. ನೋಡಲು ಒಂದೇ ಫೋಟೋ. ಒತ್ತಿದರೆ ಅದರ ಬೆನ್ನ ಹಿಂದೆ ಸಾಲಾಗಿ ಅದೇ ಫೋಟೋ, ಅದೇ ಭಂಗಿ. ಒತ್ತಿದ ಬೆರಳನ್ನು ಎತ್ತದೆ ಇದ್ದರೆ ಕೆಲವು ಫೋನುಗಳು ಹೀಗೆ ಪಟಪಟ ತೆಗೆಯುತ್ತಲೇ ಹೋಗುತ್ತವೆ. ಮಗ ಅಳಿಸಿರಲಿಲ್ಲ. ಅಳಿಸುವ ಮನಸ್ಸು ಬರಲಿಲ್ಲವೋ, ಹೀಗೊಂದು ಸಾಲಿದೆ ಎಂದೇ ತಿಳಿಯಲಿಲ್ಲವೋ.

“ಒಂದೇ ಥರದ್ದು ಇಷ್ಟೊಂದು ಯಾಕಿದೆ?”

“ಕೈ ನಡುಗ್ತಿತ್ತು ಮೇಡಂ,” ಎಂದಳು ಶಶಿಕಲಾ. “ಒತ್ತಿದ್ ಬೆರಳು ತೆಗೆಯೋಕೇ ಮರೆತೆ.”

ಅವಳು ತಂದಿಟ್ಟ ಕಾಫಿ ಲೋಟದಿಂದ ಅರ್ಧ ತಟ್ಟೆಗೇ ಚೆಲ್ಲಿತ್ತು. ಸಾವಿನ ಮನೆಯಲ್ಲಿ ಯಾರ ಕೈ ತಾನೇ ನೆಟ್ಟಗಿರುತ್ತದೆ ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಶೇಖರಪ್ಪ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಎಳೆದುಕೊಂಡು ಒಂದರ ಮೇಲೊಂದು ಹೊಂದಿಸತೊಡಗಿದ. ಮೂಗಿಗೆ ಮೂಗು, ಕುಂಕುಮಕ್ಕೆ ಕುಂಕುಮ. ಪ್ರತಿ ಸಲ ಒಂದು ಸೇರಿದಾಗಲೂ ಗೋಡೆಯ ರವೆ ಒಂದಿಷ್ಟು ಕಡಿಮೆಯಾಗುತ್ತಿತ್ತು. ಮೊದಲು ಮೂಗುತಿ ತಿಳಿಯಾಯಿತು. ಆಮೇಲೆ ಗದ್ದದ ಮಚ್ಚೆ ಬಂತು.

“ಸಾಕು ನಿಲ್ಸ್ರೀ!”

ಕೃಷ್ಣ ಬಗ್ಗಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿಬಿಟ್ಟ. ಶೇಖರಪ್ಪನ ಬೆರಳು ಒಳಗೆ ಸಿಕ್ಕಿಕೊಂಡು ಅವನು ಕಿರುಚಿದ.

“ನಾಳೆ ತಿಥಿ ಇಟ್ಕೊಂಡು ಏನ್ ನಾಟಕ ಇದು? ಇರೋ ಫೋಟೋ ಚೆನ್ನಾಗೇ ಇದೆ. ಹಾರ ಹಾಕಿ ಮುಗಿಸ್ತೀವಿ. ನೀವ್ ಹೊರಡಿ ಮೇಡಂ.”

“ನನ್ನ ಕರೆಸಿದ್ದು ನಿಮ್ಮಮ್ಮ. ಹೋಗು ಅನ್ನಬೇಕಾದ್ದೂ ಅವರೇ.” ನಾನು ಏಳಲಿಲ್ಲ. “ಕೃಷ್ಣ, ನಿಮ್ಮ ತಂಗಿ ಬಲಗೆನ್ನೆ ಮೇಲೆ ಏನಿತ್ತು?”

“ಏನೂ ಇರ್ಲಿಲ್ಲ.”

“ಏನೂ ಇಲ್ಲದ್ದನ್ನ ಯಾಕೆ ಒರೆಸಿದ್ರಿ?”

“ಒರೆಸಿದೀನಿ ಅಂತ ಯಾರ್ ಹೇಳಿದ್ದು?”

“ಆ ಕೆನ್ನೆನೇ ಹೇಳ್ತಿದೆ. ಇಡೀ ಫೋಟೋದಲ್ಲಿ ಅದೊಂದೇ ನುಣ್ಣಗಿದೆ. ಮೊದಲಿನ ಫೋಟೋ ಇದ್ದದ್ದು ನಿಮ್ಮಮ್ಮನ ಫೋನಲ್ಲಿ, ಅವರು ಅದನ್ನ ತೆಗೆದು ನೋಡಿಯೇ ಇಲ್ಲ. ಶೇಖರಪ್ಪನಿಗೆ ಬಂದಿದ್ದು ನಿಮ್ಮ ಫೋನಿಂದ. ನಡುವೆ ಇನ್ಯಾರಿದ್ದಾರೆ? ತಂಗಿಗೆ ಹೊಡೆದದ್ದು ನೀವಾ?”

“ನಾನಾ?” ಅವನ ಮುಖ ಕೆಂಪಗಾಯಿತು. “ನಾನ್ ಅವಳನ್ನ ಎತ್ತಿ ಆಡಿಸ್ದೋನು ಕಣ್ರೀ! ಒಂದಿನ ಬೆರಳು ಮುಟ್ಟಿಸ್ಲಿಲ್ಲ!”

“ಹಾಗಾದ್ರೆ ಯಾರನ್ನ ಉಳಿಸ್ತಿದೀರ?”

ಅವನು ಕೆಳಗೆ ಕೂತಿದ್ದ ತಾಯಿಯನ್ನು ನೋಡಿದ. ಆ ಜೋರು ದನಿಯ ಮನುಷ್ಯನ ಕಣ್ಣಲ್ಲಿ ನೀರು ತುಂಬಿತು. “ಇವ್ರ್ ಎದುರಿಗೆ ಕೇಳ್ಬೇಡಿ ಮೇಡಂ. ಕಾಲಿಗ್ ಬೀಳ್ತೀನಿ.”

“ಅವ್ನು ಯೋಳಕಿಲ್ಲ,” ಎಂದರು ಈಶ್ವರಮ್ಮ. “ನಾನೇ ಯೋಳ್ತೀನಿ. ಒಡ್ದಿದ್ದು ನಾನು.”

ಶೇಖರಪ್ಪ ಬೆರಳು ಬಾಯಲ್ಲಿಟ್ಟುಕೊಂಡವನು ಹಾಗೇ ಉಳಿದ.

“ಅಬ್ಬದ್ ದಿನ ಮದ್ಯಾನ್ನ. ನಾನು ಕಡುಬಿಗೆ ಇಟ್ಟು ನಾದ್ತಾ ಇದ್ದೆ. ಬಂದು ಪಕ್ಕದಾಗೆ ಕುಂತ್ಕಂಡ್ಳು. ‘ಅಮ್ಮ, ನಾನು ವಾಪಸ್ ಓಗಕಿಲ್ಲ, ಇಲ್ಲೇ ಇದ್ಬುಡ್ತೀನಿ’ ಅಂದ್ಳು. ಬಾಗಿನ ತಕ್ಕಳೋ ದಿನ ಇಂತಾ ಮಾತಾಡ್ತೀಯಾ ಅಂತ ಬಯ್ದೆ. ‘ಅದಲ್ಲಮ್ಮ, ನಾನ್ ಯೋಳೋದು ಕೇಳು’ ಅಂದ್ಳು. ಕೇಳ್ನಿಲ್ಲ ಕಣವ್ವ ನಾನು. ಇಟ್ಟಿನ್ ಕೈಯಾಗೇ ಬುಟ್ಟೆ ಒಂದೇಟು.”

ಅವರು ತಮ್ಮ ಬಲಗೈಯನ್ನು ಮಡಿಲಲ್ಲಿ ಮಗುಚಿ ಇಟ್ಟು ನೋಡಿಕೊಂಡರು.

“ಯೋಳಕ್ ಬಂದ್ಲು. ಏನಾಯ್ತು ಮಗ ಅಂತ ಒಂದ್ ಮಾತು ಕೇಳಿದ್ರೆ ಆಗ್ತಿತ್ತು. ಸಾಯಂಕಾಲ ಮೇಲಿಂದ ಬಿದ್ಲು. ನನ್ ಏಟಿಗೇ ಮನ್ಸು ಮುರ್ಕಂಡು ಬಿದ್ಬುಟ್ಳಾ ಅಂತ ಅವತ್ತಿಂದ ಕೇಳ್ಕತಾ ಇವ್ನಿ. ಅದುಕ್ಕೇ ನಿನ್ ಕೈ ಇಡ್ಕಂಡಿದ್ದು. ಬಾಯ್ ಬುಟ್ ಯೋಳಕ್ಕೆ ನಾಲ್ಗೆ ಏಳ್ನಿಲ್ಲ.”

ಈ ವೃತ್ತಿಯಲ್ಲಿ ನಾನು ಬೇಕಾದಷ್ಟು ಅಳು ನೋಡಿದ್ದೇನೆ, ಅರ್ಧಕ್ಕರ್ಧ ಬೂಟಾಟಿಕೆ. ಈಶ್ವರಮ್ಮ ಅಳುತ್ತಿರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಿದೆ.

“ನಾನು ಬಾಗಿಲಲ್ಲಿ ನಿಂತು ನೋಡ್ಬಿಟ್ಟೆ ಮೇಡಂ, ಅಮ್ಮ ಹೊಡೆದಿದ್ದನ್ನ,” ಎಂದ ಕೃಷ್ಣ. “ಆಮೇಲೆ ಗಣಪತಿ ತರೋಕೆ ವ್ಯಾನ್ ತಗೊಂಡ್ ಹೋದೆ. ಪೂಜೆ ಹೊತ್ತಿಗೆ ಬಂದೆ. ಆಗ ಏನೂ ಗಮನಿಸ್ಲಿಲ್ಲ. ಅವಳು ಹೋದ್ಮೇಲೆ, ತಿಥಿಗೆ ಫೋಟೋ ಹುಡುಕ್ತಾ ಇದು ಸಿಕ್ತು. ದೊಡ್ದು ಮಾಡಿದ್ರೆ ಕೆನ್ನೆ ಮೇಲೆ ಕೆಂಪಗೆ. ಇದನ್ನ ಗೋಡೆಗ್ ಹಾಕಿದ್ರೆ ಅಮ್ಮ ದಿನಾ ಎದ್ದು ತನ್ ಏಟು ತಾನೇ ನೋಡ್ಬೇಕಲ್ಲ. ಅದಕ್ಕೇ ಒರೆಸ್ದೆ.”

“ಒರೆಸ್ಬಾರ್ದಾಗಿತ್ತು ಮಗ,” ಎಂದರು ತಾಯಿ. “ಬಟ್ಟೆ ಸುತ್ತಿ ತಂದ್ರಿ, ಮೊಕ ನೋಡಕ್ಕೂ ಬುಡ್ನಿಲ್ಲ. ಈ ಪೋಟೋದಾಗಾದ್ರೂ ಅವ್ಳು ಎಂಗಿದ್ಲೋ ಅಂಗೇ ಇರ್ಲಿ. ಮಚ್ಚೆ ಇಲ್ಲ, ಏಟಿಲ್ಲ, ನಗ್ತಾ ಕುಂತವ್ಳೆ ಯಾರೋ.”

ಇಬ್ಬರೂ ಅಪ್ಪಿಕೊಳ್ಳಲಿಲ್ಲ, ಅಂಥ ಅಭ್ಯಾಸ ಆ ಮನೆಯಲ್ಲಿಲ್ಲ. ಮಗ ಚಾಪೆಯ ಅಂಚಿಗೆ ಬಂದು ಕೂತ, ಅಷ್ಟೇ. ಅಷ್ಟರಲ್ಲಿ ನಾನು ಮನಸ್ಸಿನಲ್ಲೇ ಕೇಸು ಮುಗಿಸಿಬಿಟ್ಟಿದ್ದೆ. ಏಟು ತಾಯಿಯದು, ಒರೆಸಿದ್ದು ಮಗ, ಕೊಲೆಗಾರ ಮನಸ್ಸು ಇಲ್ಲೆಲ್ಲೂ ಇಲ್ಲ. ಇನ್ನು ಈ ತಾಯಿಗೆ ಏನೆಂದು ಹೇಳಿ ಸಮಾಧಾನ ಮಾಡಲಿ ಎಂಬ ಯೋಚನೆಯಲ್ಲಿದ್ದೆ.

“ಮುಚ್ಚಳ ತಗಿ ಸೇಕ್ರಪ್ಪ,” ಎಂದರು ಈಶ್ವರಮ್ಮ. “ನೋಡ್ತೀನಿ.”

ಶೇಖರಪ್ಪ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಅವನು ಉಳಿದವನ್ನೂ ಸೇರಿಸಿ ಲ್ಯಾಪ್‌ಟಾಪನ್ನು ಚಾಪೆಯ ಮೇಲೆ ಅವರ ಎದುರಿಗೆ ಇಟ್ಟ.

“ಬಂತು ಮೇಡಂ. ಕಣ್ಣೆರಡೂ ಮಸುಕಾಗಿದೆ, ಅದು ಹೊಂದ್ತಾ ಇಲ್ಲ. ಮುಖ ಮಾತ್ರ ಕರೆಕ್ಟಾಗಿ ಬಂದಿದೆ.”

ಮುಖ ಬಂದಿತ್ತು. ರವೆಯಿಲ್ಲ, ಪ್ಲಾಸ್ಟಿಕ್ಕೂ ಅಲ್ಲ. ಹಣೆಯ ಸಣ್ಣ ಮೊಡವೆ, ತುಟಿಯ ಸಿಪ್ಪೆ, ಗದ್ದದ ಮಚ್ಚೆ, ಕೆನ್ನೆಗೆ ಹಚ್ಚಿದ ಅರಿಶಿನ. ಈಶ್ವರಮ್ಮ ಮಚ್ಚೆಯ ಮೇಲೆ ಬೆರಳಿಟ್ಟರು. “ಬಂದ್ಯಾ,” ಎಂದರು ಮೆಲ್ಲಗೆ.

ಆಮೇಲೆ ಬಲಗೆನ್ನೆ ನೋಡಿದರು. ಕೆನ್ನೆಯ ಮೂಳೆಯಿಂದ ಕಿವಿಯವರೆಗೆ ಅರಿಶಿನದಡಿಯಲ್ಲಿ ಕಡುಗೆಂಪು ಬಾಸುಂಡೆ ಎದ್ದಿತ್ತು.

ಅವರು ತಮ್ಮ ಬಲಗೈ ಎತ್ತಿ, ಎದುರಿಗೆ ಕೂತವಳಿಗೆ ಹೊಡೆಯುವವರಂತೆ ಪರದೆಯತ್ತ ನಿಧಾನಕ್ಕೆ ತಂದರು. ಅಂಗೈ ಹೋಗಿ ನಿಂತದ್ದು ಸೆರಗು ಹೊದ್ದ ಕಡೆಯ ಎಡಗೆನ್ನೆಯ ಮೇಲೆ. ಅಲ್ಲಿ ಅರಿಶಿನ ಬಿಟ್ಟು ಏನೂ ಇರಲಿಲ್ಲ.

“ಇದಲ್ಲ,” ಎಂದರು.

“ಏನಮ್ಮ?”

“ನಾನ್ ಒಡ್ದಿದ್ದು ಈ ಕಡೆ. ಇಟ್ಟು ಮೆತ್ಕಂಡಿತ್ತು, ಸೆರಗ್ನಾಗೆ ನಾನೇ ಒರಸ್ದೆ. ಆ ಕಡೆ ಕೆನ್ನೆ ನಾನು ಮುಟ್ಟಿಲ್ಲ.”

ಫೋನು ಕೆಲವೊಮ್ಮೆ ಎಡಬಲ ಅದಲುಬದಲು ಮಾಡಿಬಿಡುತ್ತದೆ. ಅದು ನನಗೆ ತಕ್ಷಣ ಹೊಳೆಯಿತು. ಆದರೆ ಸೆರಗು ಅವಳ ಎಡಹೆಗಲ ಮೇಲೇ ಇತ್ತು, ಎಲ್ಲ ಹೆಂಗಸರಿಗೂ ಇರುವ ಹಾಗೆ. ಫೋಟೋ ತಿರುವುಮುರುವಾಗಿರಲಿಲ್ಲ.

“ಅರಿಸ್ನ ಅಚ್ಚಕ್ ಓದ್ರೆ ಆ ಕಡೆ ಕೆನ್ನೆ ಕೊಡ್ನಿಲ್ಲ,” ಎಂದರು ಈಶ್ವರಮ್ಮ. “ಬೆರಳು ತಾಕ್ತಿದ್ದಂಗೇ ಸ್ಸ್ ಅಂತ ಮೊಕ ಆಚೆಗ್ ತಿರುಗಿಸ್ಕಂಡು ತಾನೇ ಬಳ್ಕಂಡ್ಳು. ನನ್ ಮ್ಯಾಲೆ ಮುನಿಸು ಅನ್ಕಂಡೆ. ನೋವು ಅಂತ ತಿಳೀನಿಲ್ಲ ಕಣವ್ವ. ಎತ್ತೋಳಿಗೆ ತಿಳೀನಿಲ್ಲ.”

ಕೃಷ್ಣ ಮೊಣಕಾಲೂರಿ ಪರದೆಯನ್ನು ಹತ್ತಿರದಿಂದ ನೋಡಿದ. ಅವನ ಮುಖದಲ್ಲಿ ನಟನೆ ಇರಲಿಲ್ಲ, ನಾನು ಬೇಕೆಂದೇ ಗಮನಿಸಿದೆ. ತಾಯಿ ಹೊಡೆದದ್ದನ್ನು ಕಂಡಿದ್ದ, ಕೆನ್ನೆಯ ಮೇಲೆ ಗುರುತು ಕಂಡ. ಎರಡೂ ಒಂದೇ ಎಂದುಕೊಂಡ. ಯಾವ ಕೆನ್ನೆ ಎಂದು ನೋಡುವಷ್ಟು ಹೊತ್ತು ಆ ಫೋಟೋವನ್ನು ದಿಟ್ಟಿಸಲು ಅವನಿಗೆ ಆಗಿರಲಿಲ್ಲ. ಪಾಪ, ತಾಯಿಯನ್ನು ಉಳಿಸಲು ಹೋಗಿ ಇನ್ಯಾರನ್ನೋ ಉಳಿಸಿದ್ದ.

“ಈಶ್ವರಮ್ಮ, ನಿಮ್ಮ ಏಟು ಅವಳ ಮುಖದಲ್ಲಿ ನಿಂತೇ ಇಲ್ಲ,” ಎಂದೆ. “ನೋಡಿ. ಅಲ್ಲಿ ಏನೂ ಇಲ್ಲ.”

ಅವರಿಗೆ ಅದು ಸಮಾಧಾನವಾಯಿತೋ ಇಲ್ಲವೋ. ಕೈಯನ್ನು ಆ ಖಾಲಿ ಕೆನ್ನೆಯ ಮೇಲಿಂದ ತೆಗೆಯಲಿಲ್ಲ.

“ಅಂಗಾರೆ ಆ ಕಡೆ ಯಾರು ಒಡ್ದೋರು?”

ಕಡುಬಿನ ಹಿಟ್ಟಿಗೂ ದೇವರ ದೀಪಕ್ಕೂ ನಡುವೆ ಒಂದು ಮಧ್ಯಾಹ್ನವಿತ್ತು. ಗಂಡ ಬೊಮ್ಮಸಂದ್ರದಲ್ಲಿ, ಅಣ್ಣ ಗಣಪತಿ ತರಲು ಹೋಗಿದ್ದ, ತಾಯಿ ಒಲೆಯ ಮುಂದೆ, ಮೇಲಿನ ಹುಡುಗರೆಲ್ಲ ಊರಿನಲ್ಲಿ.

“ಶೇಖರಪ್ಪ, ಕಣ್ಣು ಯಾಕೆ ಹೊಂದ್ತಿಲ್ಲ ಅಂದ್ರಿ?”

“ಅಲ್ಲಾಡಿದೆ ಮೇಡಂ. ಮುಖ ಇಟ್ಟಲ್ಲೇ ಇದೆ, ಕಣ್ಣು ಮಾತ್ರ ಜರುಗಿದೆ. ಬಿಡಿಬಿಡಿಯಾಗಿ ನೋಡಿದ್ರೆ ಗೊತ್ತಾಗುತ್ತೆ.” ಅವನು ಒಂದೊಂದಾಗಿ ತೋರಿಸುತ್ತಾ ಹೋದ. ಮೊದಲಿನದರಲ್ಲಿ ಪ್ರಿಯಾಂಕಾ ಕ್ಯಾಮೆರಾ ನೋಡುತ್ತಿದ್ದಳು. ಮುಂದಿನದರಲ್ಲಿ ದೃಷ್ಟಿ ಸ್ವಲ್ಪ ಮೇಲೆ. ಅದರ ಮುಂದಿನದರಲ್ಲಿ ಇನ್ನೂ ಮೇಲೆ. ಕೊನೆಯದರಲ್ಲಿ ಅವಳು ನೋಡುತ್ತಿದ್ದುದು ಫೋನನ್ನಲ್ಲ, ಫೋನು ಹಿಡಿದವಳನ್ನು. ತುಟಿಯಲ್ಲಿ ಹಬ್ಬದ ನಗು ಹಾಗೇ ಇತ್ತು. ಆ ಕಣ್ಣುಗಳಲ್ಲಿ ಇದ್ದದ್ದು ಭಯ.

ಆಗ ನನಗೆ ನನ್ನ ದಡ್ಡತನ ಅರ್ಥವಾಯಿತು.

“ಶಶಿಕಲಾ.”

ಅಡುಗೆಮನೆಯಲ್ಲಿ ಲೋಟ ತೊಳೆಯುವ ಸದ್ದು ನಿಂತಿತು. ಅವಳು ಒದ್ದೆ ಕೈ ಸೆರಗಿಗೆ ಒರೆಸುತ್ತಾ ಬಾಗಿಲಿಗೆ ಬಂದಳು.

“ಕೈ ನಡುಗ್ತಿತ್ತು, ಅದಕ್ಕೇ ಇಷ್ಟು ಫೋಟೋ ಬಿತ್ತು ಅಂದ್ರಿ. ನಾನು ಸಾವಿನ ಮನೆ, ನಡುಗದೆ ಇರುತ್ತಾ ಅಂದುಕೊಂಡೆ. ಆದ್ರೆ ಈ ಫೋಟೋ ತೆಗೆದಾಗ ಈ ಮನೇಲಿ ಯಾರೂ ಸತ್ತಿರಲಿಲ್ಲ. ಪ್ರಿಯಾಂಕಾ ನಿಮ್ಮೆದುರಿಗೆ ಬಾಗಿನ ಹಿಡ್ಕೊಂಡು ಜೀವಂತ ಕೂತಿದ್ದಳು. ಆಗಲೇ ನಿಮ್ಮ ಕೈ ಯಾಕೆ ನಡುಗ್ತು?”

ಶಶಿಕಲಾ ನನ್ನನ್ನು ನೋಡಲಿಲ್ಲ. ಗಂಡನನ್ನೂ ನೋಡಲಿಲ್ಲ. ಚಾಪೆಯ ಮೇಲಿನ ಪರದೆಯಲ್ಲಿ ತನ್ನತ್ತಲೇ ಎತ್ತಿದ್ದ ಆ ಕಣ್ಣುಗಳನ್ನು ನೋಡಿದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಶಶೀ?” ಎಂದ ಕೃಷ್ಣ.

“ಹೇಳ್ತೀನಿ,” ಎಂದಳು ಅವಳು. ಆ ಸಣ್ಣ ದನಿ ಆಗ ಮೊದಲ ಸಲ ನೆಟ್ಟಗಿತ್ತು. “ಆ ಕಡೆ ಕೆನ್ನೆಗೆ ಹೊಡೆದಿದ್ದು ನಾನು. ಎಲ್ಲಾ ಹೇಳ್ತೀನಿ ಮೇಡಂ. ಆದ್ರೆ ಮೊದ್ಲು ಅತ್ತೆನ ಒಳಗೆ ಕಳ್ಸಿ. ಇವ್ರು ಕೇಳೋ ಅಂಥದ್ದಲ್ಲ.”

ಈಶ್ವರಮ್ಮ ಕೈ ಚಾಚಿ, ಗೋಡೆಗೆ ಮುಖ ಮಾಡಿದ್ದ ಕಟ್ಟು ಹಾಕಿದ ಫೋಟೋವನ್ನು ಎಳೆದುಕೊಂಡು ನೆಲದ ಮೇಲೆ ಬೋರಲು ಮಲಗಿಸಿದರು. ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಎತ್ತಿ, ಮಗುವನ್ನು ಕೂರಿಸಿಕೊಂಡ ಹಾಗೆ ತಮ್ಮ ಮಡಿಲಿಗೆ ಇಟ್ಟುಕೊಂಡರು.

“ಅವತ್ತು ನನ್ ಮಗ್ಳು ಯೋಳಕ್ ಬಂದ್ಲು, ನಾನ್ ಕೇಳ್ನಿಲ್ಲ,” ಎಂದರು. “ಇವತ್ತು ಕೇಳ್ತೀನಿ. ಇಲ್ಲೇ ಯೋಳು.”